ಗೆಜ್ಜೆ ಕಟ್ಟಿದ ಲಂಗ

"ಕಳ್ಳಿ ಆದಾಕಿ ಹೆಂಗ ನಡೀತಾಳ?"

ಶೆಡ್ಡಿನಲ್ಲಿ ಪರಮಣ್ಣನ ಹೊರತು ಯಾರೂ ಇರಲಿಲ್ಲ. ಕೇಳಿದ್ದು ಗೋಡೆಯನ್ನೋ, ಕೈಯಲ್ಲಿದ್ದ ನಾಟಕದ ವಹಿಯನ್ನೋ ಅವನಿಗೇ ತಿಳಿಯದು. ಗೋವಾದ ಕುಂಕಳ್ಳಿಯ ಕಾರ್ಖಾನೆಯಲ್ಲಿ ಹಗಲೆಲ್ಲ ವೆಲ್ಡಿಂಗ್ ಮಾಡುವ ಅವನು ಬಸವ ಜಯಂತಿಗೆಂದು ನಾಟಕ ಬರೆದಿದ್ದ. ಇನ್ನು ನಾಲ್ಕೇ ದಿನ.

ಹೋದ ವರ್ಷ ಗೋವಾದವರು ಆಡಿದ ಒಂದು ನಾಟಕದಲ್ಲಿ ಕರ್ನಾಟಕದ ಕೂಲಿಯವನೊಬ್ಬ ಬಂದಿದ್ದ. ಬಂದವನೇ ಕುಡಿದು ತೂರಾಡಿ, ಕೋಳಿ ಕದ್ದು ಓಡಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿ ಕುಳಿತಿದ್ದ ಪರಮಣ್ಣನ ಮಗಳೂ ನಕ್ಕಳು. ಮರುದಿನವೇ ಅವನು ವಹಿ ಕೊಂಡು ತಂದ. ಅವನ ನಾಟಕದ ಕೂಲಿಯವನು ಒಂದು ಹನಿ ಸೆರೆಯನ್ನೂ ಮುಟ್ಟುವವನಲ್ಲ. ಒಡತಿಯ ಸರ ಕದ್ದನೆಂಬ ಅಪವಾದ ಹೊತ್ತು ಹಣ್ಣಾಗುತ್ತಾನೆ. ಕೊನೆಗೆ ನಿಜವಾದ ಕಳ್ಳಿ ಸಿಕ್ಕಿಬೀಳುತ್ತಾಳೆ. ಅವಳೊಬ್ಬ ಲಂಬಾಣಿ ಹೆಂಗಸು.

ಆ ವೇಷಕ್ಕೆ ಬಟ್ಟೆ ಬೇಕಿತ್ತು. ಪರಮಣ್ಣ ವಹಿ ಬಗಲಲ್ಲಿಟ್ಟುಕೊಂಡು, ಕೋಲ್ವಾದ ಕಡಲ ದಂಡೆಯಲ್ಲಿ ಮಣಿಸರ ಮಾರುವ ಲಂಬಾಣಿ ಭೂರಿಬಾಯಿಯ ಮನೆಗೆ ನಡೆದ.

"ತಂಗಿ, ನಿನ್ನ ಕನ್ನಡಿ ಲಂಗ ಒಂದ ದಿನದ ಮಟ್ಟಿಗೆ ಕೊಡು. ನಾಟಕಕ್ಕ ಬೇಕಾಗೇತಿ."

"ನನ್ನ ಲಂಗ, ನಾಟಕಕ್ಕ?" ಭೂರಿಬಾಯಿಯ ಮುಖ ಅರಳಿತು. "ಯಾರು ಉಡ್ತಾರಣ್ಣಾ?"

"ಹುಲಿಗೆಪ್ಪ."

"ಆ ಮೀಸಿ ಹುಲಿಗೆಪ್ಪ? ಅವನ ಹೊಟ್ಟಿಗೆ ಎರಡ ಲಂಗ ಬೇಕಲ್ಲೋ!" ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಆಗ್ಲಿ, ನನ್ನ ಮಗಳು ಮೀನಾಕ್ಷಿನ್ನ ಮುಂದಿನ ಸಾಲಿನಾಗ ಕುಂದ್ರಸ್ತೇನಿ. ಅಜ್ಜಿ ಹೊಲಿದ ಲಂಗ ನೋಡ್ಲಿ."

ಟ್ರಂಕಿನಿಂದ ಲಂಗ ಹೊರಗೆ ಬಂದಾಗ ಹತ್ತಡಿಯ ಕೋಣೆಯಲ್ಲಿ ಬೆಳಕು ಚೆಲ್ಲಾಡಿತು. ಕನ್ನಡಿ, ಕವಡೆ, ಹಳೆಯ ಪಾವಲಿ ನಾಣ್ಯ, ಅಂಚಿನ ಸುತ್ತ ಗೆಜ್ಜೆ. "ನಮ್ಮವ್ವ ಮೂರು ವರ್ಷ ಹೊಲಿದಾಳ," ಎಂದಳು. "ಮಗಳು ಎಲ್ಲಿ ಹೊಂಟರೂ ನನಗ ಸಪ್ಪಳ ಕೇಳಬೇಕು ಅಂತಿದ್ಲು. ಅಂದಂಗ, ಇದನ್ನ ಉಟ್ಟು ಹುಲಿಗೆಪ್ಪ ಏನ ಮಾಡ್ತಾನ?"

ಪರಮಣ್ಣ ಬಗಲಲ್ಲಿದ್ದ ವಹಿ ಒತ್ತಿ ಹಿಡಿದ. "ಅದು... ಒಡತಿಯ ಸರ ಕದ್ದು, ಯಾರಿಗೂ ಸುಳಿವು ಹತ್ತದಂಗ ಹಿತ್ತಲ ಬಾಗಲಿಂದ ಹೋಗ್ತಾಳ."

ಭೂರಿಬಾಯಿ ಬೈಯಲಿಲ್ಲ. ಉಟ್ಟ ಸೀರೆಯ ಮೇಲೆಯೇ ಲಂಗ ಬಿಗಿದು, ಒಲೆಯಿಂದ ಬಾಗಿಲ ತನಕ ಮೂರು ಹೆಜ್ಜೆ ಹಾಕಿದಳು. ಗಲ್, ಗಲ್, ಗಲ್. ದೇವರ ಪಲ್ಲಕ್ಕಿಯೇ ಬಂದಂತಾಯಿತು. ಪಕ್ಕದ ಮನೆಯ ಶಿವವ್ವ ತಗಡಿನ ಗೋಡೆಯ ಆಚೆಯಿಂದಲೇ ಕೂಗಿದಳು: "ಯಾರ ಮದಿವಿ ಬೇ?"

ಭೂರಿಬಾಯಿ ಪರಮಣ್ಣನತ್ತ ತಿರುಗಿದಳು. "ಇದನ್ನ ಉಟ್ಟು ಕಳವಿಗೆ ಹೋದಾಕಿನ್ನ ನೀ ಎಲ್ಲಿ ನೋಡೀದಿ ಅಣ್ಣಾ?"

ಪರಮಣ್ಣ ಯೋಚಿಸಿದ. ಎಲ್ಲಿಯೂ ನೋಡಿರಲಿಲ್ಲ. ಚಿಕ್ಕಂದಿನಿಂದ ನೋಡಿದ ನಾಟಕಗಳಲ್ಲಿ ಮಾತ್ರ ನೋಡಿದ್ದ. ಅಲ್ಲಿ ಈ ಲಂಗ ಪರದೆಯ ಸಂದಿಯಲ್ಲಿ ಕಂಡರೆ ಸಾಕು, ಕಳವು ಆಯಿತೆಂದು ಜನ ಮೊದಲೇ ನಗುತ್ತಿದ್ದರು. ಅವನೂ ನಕ್ಕಿದ್ದ. ವಹಿ ಬಗಲಲ್ಲಿ ಬೆವರಿನಿಂದ ಒದ್ದೆಯಾಗಿತ್ತು.

"ನೀ ಹೇಳೂದು ಖರೇ ಐತಿ ತಂಗಿ," ಎಂದ, ತಗ್ಗಿದ ದನಿಯಲ್ಲಿ. "ಆದರ ಎಲ್ಲಾರಿಗೂ ಪಾರ್ಟು ಬಾಯಿಪಾಠ ಆಗೇತಿ. ನಾಕ ದಿನದಾಗ ಹೊಸಾದು ಎಲ್ಲಿಂದ ಬರೀಲಿ? ಹಿಂಗ ಮಾಡು, ಸಪ್ಪಳ ಆಗದಂಗ ಆ ಗೆಜ್ಜಿ, ಪಾವಲಿ ಅಷ್ಟ ಬಿಚ್ಚಿ ಕೊಡು. ಮರುದಿನ ನಾನ ಕುಂತು ಹಚ್ಚಿ ಕೊಡ್ತೇನಿ."

ಭೂರಿಬಾಯಿ ಲಂಗ ಕಳಚಿ, ಒಂದು ಗೆಜ್ಜೆಯೂ ಹೊರಗುಳಿಯದಂತೆ ಮಡಿಚಿ ಟ್ರಂಕಿನಲ್ಲಿಟ್ಟಳು. ಮುಚ್ಚಳ ಹಾಕಿ, ಅದರ ಮೇಲೆಯೇ ಕುಳಿತಳು.

"ಬಿಚ್ಚೂದಿಲ್ಲ."