ಹಾನಾ ಆಂಟಿಯ ಕಾಗದ

ಬ್ಲೀಚಿನ ವಾಸನೆ ಬಂದರೆ ಈಗಲೂ ಇಂಗ್ಲಿಷರ ನಾಡಿನ ಕೆಂಟನ್ನಿನ ನಮ್ಮ ಅಡುಗೆಮನೆ ನೆನಪಾಗುತ್ತದೆ. ಪೋಲೆಂಡಿನಲ್ಲಿ ಸಾಹಿತ್ಯದ ಪ್ರೊಫೆಸರಾಗಿ, ಮೇಷ್ಟ್ರುಗಳಿಗೇ ಪಾಠ ಮಾಡುವುದನ್ನು ಕಲಿಸುತ್ತಿದ್ದ ಹಾನಾ ಆಂಟಿ ನಮ್ಮ ಮನೆ ಒರೆಸಲು ಬರುತ್ತಿದ್ದರು. "ತುಂಬಾ ಓದಿರೋರು ಕಣೇ, ಬರೀ ಹೆಸರು ಹಿಡಿದು ಕರೀಬೇಡ" ಅನ್ನುತ್ತಿದ್ದರು ಅಮ್ಮ.

ಆಂಟಿ ಇಲ್ಲಿನ ಶಾಲೆಯೊಂದರಲ್ಲಿ ಟೀಚರಿಗೆ ಸಹಾಯಕಿಯಾಗಲು ಅರ್ಜಿ ಹಾಕಿದ್ದರು. ಒಂದು ಮಧ್ಯಾಹ್ನ ಶಾಲೆಯ ಉತ್ತರವನ್ನು ಒಡೆಯದೆಯೇ ಚೀಲದಲ್ಲಿ ತಂದರು. ಒರೆಸುವ ಕೆಲಸದ ನಡುವೆ, ಕೈ ಒದ್ದೆ, ನೀನೇ ಓದು ಎಂದು ನನಗೆ ಕೊಟ್ಟು, ತರಗತಿ ಪರೀಕ್ಷಿಸಲು ಬಂದವರಂತೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

"ಕ್ಷಮಿಸಿ, ನಿಮಗೆ ತರಗತಿಯ ಅನುಭವ ಸಾಲದು" ಎಂದು ಗಡಗಡ ಓದಿಬಿಟ್ಟೆ.

ಅಮ್ಮ ಒಲೆ ಆರಿಸಿದರು.

"ಇಷ್ಟು ಆತುರ ಬೇಡ," ಆಂಟಿ ಇಂಗ್ಲಿಷಿನಲ್ಲಿ ಅಂದರು. "ಕೇಳೋರಿಗೆ ಉಸಿರಾಡೋಕೆ ಜಾಗ ಬಿಡು. ಇನ್ನೊಂದ್ಸಲ ಓದು."

ನಿಲ್ಲಿಸಿ ನಿಲ್ಲಿಸಿ ಓದಿದೆ.

"ಈಗ ಚೆನ್ನಾಗಿತ್ತು" ಅಂದರು.