ಸಾದಾ ಪೆಟ್ರೋಲಿನ ಸದ್ದು

ಟಕ್ ಟಕ್ ಟಕ್.

ಹೇಮಂತ ಗಾಬರಿಯಾಗಿ ಎಕ್ಸಿಲರೇಟರ್ ಬಿಟ್ಟ. ಬೈಕು ನಿಧಾನವಾಯಿತು, ಸದ್ದು ನಿಂತಿತು. ಮತ್ತೆ ತಿರುವಿದ. ಮತ್ತೆ ಟಕ್ ಟಕ್.

"ಕೇಳಿದಿ?" ಎಂದ, ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತ ಹೆಂಡತಿಗೆ. "ಆ ಪಂಪಿನವ ಪೆಟ್ರೋಲ್ದಾಗ ಏನೋ ಬೆರಸ್ಯಾನ."

"ಕೇಳಿದೆ ತಗೋರಿ," ಎಂದಳು ಐಶ್ವರ್ಯ. "ಸಾವಕಾಶ ಹೋಗೂಣ್ರಿ."

ಕೂಡಲಸಂಗಮಕ್ಕೆ ಹೋಗಿ ತಮ್ಮೂರು ಕುಬಿಹಾಳಕ್ಕೆ ಮರಳುವ ದಾರಿ. ನವಲಗುಂದ ಇನ್ನೂ ಬಂದಿರಲಿಲ್ಲ. ಹೇಮಂತನ ಬೈಕು ಊರಿನ ಉಳಿದ ಬೈಕುಗಳಂಥದಲ್ಲ, ವಿದೇಶಿ ತಳಿ. ಅದಕ್ಕೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲೇ ಆಗಬೇಕು. ಅದು ಸಿಗುವುದು ಹುಬ್ಬಳ್ಳಿಯಂಥ ಊರಲ್ಲಿ. ಬೈಕಿಗೆ ಸಾದಾ ಪೆಟ್ರೋಲ್ ಹಾಕಿಸಿದ ದಿನ ಇವನಿಗೇ ಅಜೀರ್ಣವಾಗುತ್ತಿತ್ತು.

ಹೋಗುವಾಗ ದಾರಿಯ ಪಂಪೊಂದರಲ್ಲಿ ಟ್ಯಾಂಕಿನ ತುಂಬ ಸಾದಾ ಪೆಟ್ರೋಲೇ ಹಾಕಿಸಬೇಕಾಗಿ ಬಂದಿತ್ತು. ಆಮೇಲೆ ಬಾದಾಮಿ ಕಡೆಯ ಏರಿನಲ್ಲಿ ಈ ಸದ್ದು ಮೊದಲ ಸಲ ಕೇಳಿತ್ತು. ಆಗ ರಸ್ತೆ ಬದಿಯಲ್ಲೇ ನಿಲ್ಲಿಸಿ ಹೆಂಡತಿಗೆ ಪಾಠ ಮಾಡಿದ್ದ. ಸಾದಾ ಪೆಟ್ರೋಲ್ ಎಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ಹತ್ತಿಕೊಳ್ಳುತ್ತದೆ. ಒಳಗೆ ಸುತ್ತಿಗೆ ಪೆಟ್ಟು ಬಿದ್ದಂತೆ ಸದ್ದಾಗುತ್ತದೆ. ಹಾಗೇ ಜೋರು ಓಡಿಸಿದರೆ ಪಿಸ್ಟನ್ ಒಡೆಯುತ್ತದೆ. ಪಾಠ ಮುಗಿಸಿ ಆ ಏರನ್ನು ಮೆಲ್ಲಗೆ ಹತ್ತಿಸಿದ. ಮದುವೆಯಾದ ಮೇಲೆ ಅವನು ನಿಧಾನವಾಗಿ ಹೋದದ್ದು ಅದೇ ಮೊದಲು.

ಐಶ್ವರ್ಯಳಿಗೆ ವೇಗವೆಂದರೆ ಜೀವಭಯ. ಹೋದ ಶ್ರಾವಣದಲ್ಲಿ ಕಲಘಟಗಿ ರಸ್ತೆಯ ಹಂಪಿನ ಮೇಲೆ ಇವನು ಗಾಡಿ ಹಾರಿಸಿದಾಗ ಬಿದ್ದು ಭುಜದ ಎಲುಬು ಮುರಿದುಕೊಂಡಿದ್ದಳು. ಇನ್ನೊಮ್ಮೆ ಬಿದ್ದರೆ ಆ ಕೈ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನೋಡಲು ಬಂದವರಿಗೆಲ್ಲ ಹೇಮಂತ ಹೇಳಿದ್ದು ಒಂದೇ ಮಾತು: "ಗಟ್ಟಿ ಹಿಡ್ಕೊಂಡ ಕುಂತಿರ್ಲಿಲ್ರಿ." ಗಾಡಿಯ ಬಣ್ಣ ಕೆತ್ತಿದ್ದಕ್ಕೆ ಮಾತ್ರ ಮನಸಾರೆ ಮರುಗಿದ್ದ.

ಇವತ್ತಿನ ಅವಸರಕ್ಕೆ ಕಾರಣ ಗೆಳೆಯ ಪುಂಡಲೀಕ. ಅವನೂ ಸಂಗಮದಿಂದ ಅದೇ ಹೊತ್ತಿಗೆ ತನ್ನ ಹಳೇ ವ್ಯಾನಿನಲ್ಲಿ ಹೊರಟಿದ್ದ. "ನೀ ಊರ ಮುಟ್ಟೂದ್ರಾಗ ನಾ ಉಂಡು ಒಂದ್ ನಿದ್ದಿ ತಗದಿರ್ತೇನಿ ಲೇ," ಎಂದು ಹೇಮಂತ ಎಲ್ಲರೆದುರು ಬಡಾಯಿ ಕೊಚ್ಚಿ ಬಂದಿದ್ದ.

ನವಲಗುಂದದಲ್ಲಿ ನಿಲ್ಲಿಸಿ, ಚೀಲದಿಂದ ಆಕ್ಟೇನ್ ಏರಿಸುವ ಔಷಧದ ಬಾಟಲಿ ತೆಗೆದು, ತೀರ್ಥ ಬಿಡುವಷ್ಟು ಭಕ್ತಿಯಿಂದ ಟ್ಯಾಂಕಿಗೆ ಸುರಿದ. ಪೇಟೆಯ ಗದ್ದಲ ದಾಟುವವರೆಗೆ ಸದ್ದಿಲ್ಲ.

"ನೋಡಿದಿ? ಔಷಧಾ ಹಿಡೀತು."

ಊರು ಮುಗಿದು ಎರೆಹೊಲಗಳ ನಡುವಿನ ನೇರ ರಸ್ತೆ ಸಿಕ್ಕಿತು. ಕೈ ತಿರುವಿದ. ಟಕ್ ಟಕ್ ಟಕ್.

ಅಷ್ಟರಲ್ಲಿ ಹಾರ್ನ್ ಬಾರಿಸುತ್ತ ಪುಂಡಲೀಕನ ವ್ಯಾನು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರೂ ಹೋಯಿತು. ಹೇಮಂತ ಆ ಕಡೆ ನೋಡಲೇ ಇಲ್ಲ.

ಯಮನೂರಿನಲ್ಲಿ ಅವನ ಸೈರಣೆ ಮುಗಿಯಿತು. ಹೆಂಡತಿಯನ್ನು ದರ್ಗಾದ ಹತ್ತಿರ ಇಳಿಸಿ, ಪರೀಕ್ಷೆ ಮಾಡುತ್ತೇನೆಂದು ಒಬ್ಬನೇ ಬೆಣ್ಣಿಹಳ್ಳದ ಕಡೆ ಗಾಡಿ ಬಿಟ್ಟ. ಐಶ್ವರ್ಯ, ದರ್ಗಾದಲ್ಲಿ ಓದಿಸುವ ಹರಕೆಯ ಸಕ್ಕರೆ ಮಾರುತ್ತಿದ್ದ ಮುದುಕಿ ಖಾಸಿಂಬಿಯ ಅಂಗಡಿಯ ನೆರಳಿಗೆ ಹೋಗಿ ಕುಳಿತಳು.

"ಒಬ್ಬಾಕಿನ್ನ ಬಿಟ್ಟ ಎಲ್ಲಿ ಹೋದನವಾ?" ಎಂದಳು ಖಾಸಿಂಬಿ.

"ಗಾಡಿಗೆ ಆರಾಮಿಲ್ಲಂತಬೇ."

"ಸಕ್ಕರಿ ಓದಸ್ರಿ. ಗಾಡಿ ಆರಾಮ ಆಕ್ಕೈತಿ."

"ಗಾಡಿದ ಬಿಡಬೇ. ನಾ ನೆಟ್ಟಗ ಮನಿ ಮುಟ್ಟಲಿ ಅಂತ ಓದಸೂಣು," ಎಂದು ಐಶ್ವರ್ಯ ಸಕ್ಕರೆ ಕೊಂಡಳು.

ಹೇಮಂತ ತಿರುಗಿ ಬಂದಾಗ ಅವನ ಮುಖ ಅರಳಿತ್ತು. "ಗುಂಡಿನಂಗ ಹೋತು. ಒಂದ್ ಸಣ್ಣ ಸದ್ದಿಲ್ಲ. ಪೆಟ್ರೋಲ್ ಹಲ್ಕಟ್ ಖರೇ, ಆದ್ರ ಮ್ಯಾಲೆ ನಿನ್ನ ಭಾರಾನೂ ಕೂಡೈತಿ. ನೀ ಕುಂತ್ರ ಎಂಜಿನ್ ಒದ್ದಾಡ್ತೈತಿ."

"ಹಂಗಾರ ನಾ ಕುಂತಾಗ ಸಾವಕಾಶ ಹೊಡೀಬೇಕಾತ್ರಿ."

"ಮತ್ತೇನ್ ಮಾಡೂದು," ಎಂದ ಅವನು, ಜಗತ್ತಿನ ಅನ್ಯಾಯವೆಲ್ಲ ತನ್ನೊಬ್ಬನ ಮೇಲೆ ಬಿದ್ದ ಧ್ವನಿಯಲ್ಲಿ. ಕರ್ಮ ಯಾರನ್ನು ಬಿಟ್ಟೀತು. ಅಲ್ಲಿಂದ ಮುಂದೆ ಸೈಕಲ್ಲಿನವರೂ ತಿರುಗಿ ನೋಡುವಷ್ಟು ಮೆಲ್ಲಗೆ ಗಾಡಿ ನಡೆಸಿದ. ಆಸೆ ತಡೆಯದೆ ನಡುವೆ ಎರಡು ಸಲ ಕೈ ತಿರುವಿದ. ಎರಡು ಸಲವೂ ಎಂಜಿನ್ ಬೈದಿತು.

ಕುಬಿಹಾಳ ಮುಟ್ಟಿದಾಗ ಹೊತ್ತು ಇಳಿದಿತ್ತು. ಪುಂಡಲೀಕ ಉಂಡು ಬಂದು ಇವರ ಮನೆಯ ಕಟ್ಟೆಯ ಮೇಲೇ ಕಾಲು ಚಾಚಿ ಕುಳಿತಿದ್ದ.

"ನಿದ್ದಿ ಆತೇನಪಾ?" ಎಂದ.

ಹೇಮಂತ ಹೆಲ್ಮೆಟ್ ತೆಗೆಯುವ ಮೊದಲೇ ಆಕ್ಟೇನ್ ಪುರಾಣ ಶುರುಮಾಡಿದ. ಪಂಪಿನವನ ಮೋಸ, ಹೆಂಡತಿಯ ಭಾರ, ಬೇರೆ ಯಾರಾಗಿದ್ದರೂ ಇಷ್ಟು ಹೊತ್ತಿಗೆ ಎಂಜಿನ್ ಸುಟ್ಟುಕೊಂಡಿರುತ್ತಿದ್ದ ಮಾತು, ಎಲ್ಲ ಬಂತು. ಕಟ್ಟೆಯ ಸುತ್ತ ನೆರೆದವರ ಮುಂದೆ ತೀರ್ಮಾನವನ್ನೂ ಹೇಳಿದ: ಇನ್ನು ಮುಂದೆ ಹೆಂಡತಿ ಹಿಂದೆ ಕುಳಿತರೆ ಗಾಡಿ ನಲವತ್ತು ದಾಟುವುದಿಲ್ಲ. ಆಣೆ ಕೂಡ ಹಾಕಿದ.

ಒಳಗೆ ಬಚ್ಚಲಿನಲ್ಲಿ ಅತ್ತೆ ಶಿವಗಂಗವ್ವ ಸೊಸೆಯ ಕಾಲಿಗೆ ನೀರು ಹಾಕುತ್ತಿದ್ದವಳು ಬಗ್ಗಿ ನೋಡಿದಳು. ಒಂದು ಕಾಲಿನ ಬೆಳ್ಳಿಯ ಕಾಲುಂಗುರ ಜಜ್ಜಿ ಚಪ್ಪಟೆಯಾಗಿತ್ತು.

"ಇದೇನವಾ, ಹಿಂಗಾಗೇತಿ?"

"ಅವರು ಜೋರ ಹೊಡದಾಗೊಮ್ಮೆ ಗಾಡಿ ಕಬ್ಬಿಣಕ್ಕ ಬಡದೇನ್ರಿ ಅತ್ತಿ," ಎಂದಳು ಐಶ್ವರ್ಯ. "ನನ್ನ ಮಾತ ಕೇಳೂದಿಲ್ಲ, ಎಂಜಿನ್ನಿನ ಮಾತ ಕೇಳ್ತಾರ."