ಕಾಗದಕ್ಕೆ ಹಿಡಿಸದವರು

ಸಹಿಯ ಚೌಕ ಗೋಡೆಯ ದೊಡ್ಡ ಪರದೆಯ ಮೇಲೆ ಮಿನುಗುತ್ತಿತ್ತು. ಮುಖ್ಯ ಸಲಹೆಗಾರ್ತಿ ತಮ್ಮ ಮುಂದಿದ್ದ ಗಾಜಿನ ಮೇಲೆ ಬೆರಳೊತ್ತಿದರೆ ಸಾಕು, ಆಸ್ಪತ್ರೆ ರಸ್ತೆಯ ಎರಡೂ ಬದಿಯ ಫುಟ್‌ಪಾತ್ ಹೋಗಿ ಅಲ್ಲಿ ವಿದ್ಯುತ್ ಬಸ್ಸುಗಳ ಪಥ ಬರುತ್ತಿತ್ತು. ಅವರು ಕೈಕಟ್ಟಿ ಕುಳಿತಿದ್ದರು. ಮಿನುಗಿ ಮಿನುಗಿ ಚೌಕಕ್ಕೇ ಬೇಸರ ಬಂದಂತಿತ್ತು.

"ಮೇಡಂ, ಒಂದು ಬೆರಳು," ಎಂದ ಸಲಹಾ ಕಂಪನಿಯ ನಿರ್ದೇಶಕ, ವರದಿ ಒಯ್ಯಲು ಬಂದಿದ್ದ ಇಲಾಖೆಯ ಎಂಜಿನಿಯರ್ ಕಡೆ ನೋಡಿ ನಗುತ್ತಾ. ಹದಿನೆಂಟು ವರ್ಷದ ಹಿಂದೆ ಇದೇ ಸಲಹೆಗಾರ್ತಿಯ ಕೈಕೆಳಗೆ ಕೆಲಸ ಕಲಿತವನು ಅವನು. ಇಬ್ಬರೇ ಇದ್ದಾಗ ಅವರು ಅವನನ್ನು ನೀನು ಎನ್ನುತ್ತಿದ್ದರು, ಹೊರಗಿನವರ ಮುಂದೆ ನೀವು. ಸುಸ್ಥಿರ ಸಾರಿಗೆ ಎಂಬ ಮಾತು ಇನ್ನೂ ಯಾರ ಬಾಯಿಗೂ ಹತ್ತದಿದ್ದ ಕಾಲದಿಂದ, ಮೂವತ್ತೊಂದು ವರ್ಷ, ಅದರಲ್ಲೇ ಸವೆದವರು ಸಲಹೆಗಾರ್ತಿ. ಅವರ ಸಹಿ ಇಲ್ಲದ ವರದಿಯನ್ನು ಇಲಾಖೆ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಅವರನ್ನು ಇನ್ನೂ ಮೂರು ವರ್ಷ ಉಳಿಸಿಕೊಳ್ಳುವ ಪತ್ರ ನಿರ್ದೇಶಕನ ಲ್ಯಾಪ್‌ಟಾಪಿನ ಕೆಳಗಿನಿಂದ ಇಣುಕುತ್ತಿತ್ತು. ಇಣುಕುವ ಹಾಗೆಯೇ ಅವನು ಇಟ್ಟಿದ್ದ.

ಸಲಹೆಗಾರ್ತಿ ಚೀಲದಿಂದ ಅಂಗೈಯಗಲದ ಒಂದು ಹಳೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದಕ್ಕೆ ಹೋಗುವ ಡಬ್ಬಿ. ಕಚೇರಿಯ ಹುಡುಗರು ಅವರಿಗೆ ಟಿಕ್‌ಟಿಕ್ ಮೇಡಂ ಎಂದು ಹೆಸರಿಟ್ಟಿದ್ದು ಇದರಿಂದಲೇ.

"ಬೆಳಿಗ್ಗೆ ಆ ರಸ್ತೇಲಿ ನಿಂತಿದ್ದೆ. ಒಂದು ಗಂಟೇಲಿ ಸಾವಿರದ ನೂರಾ ಆರು ಜನ ನಡ್ಕೊಂಡು ಹೋದ್ರು. ವರದೀಲಿ ಎಷ್ಟಿದೆ?"

ನಿರ್ದೇಶಕ ಪರದೆ ಸರಿಸಿದ. ನಡೆಯುವವರು ಎಂಬುದರ ಎದುರಿಗೆ ದಾಖಲೆ ಇಲ್ಲ ಎಂದಿತ್ತು. ವರದಿ ಬರೆದದ್ದು ಯಂತ್ರ. ಎರಡು ಪುಟ ದಾಟುವಷ್ಟರಲ್ಲಿ ಅದು ದಾಖಲೆ ಇಲ್ಲ ಎಂಬುದನ್ನು ಜನವೇ ಇಲ್ಲ ಎಂದು ಮಾಡಿಕೊಂಡು, ಆದ್ದರಿಂದ ಫುಟ್‌ಪಾತಿನ ಅಗತ್ಯ ಕಂಡುಬರುವುದಿಲ್ಲ ಎಂದು ಬಲು ಸೌಜನ್ಯದಿಂದ ತೀರ್ಮಾನಿಸಿತ್ತು. ರಕ್ಷಾಪುಟದ ಮೇಲೆ ಒಂದು ಹಸಿರೆಲೆಯನ್ನೂ ತಾನೇ ಬರೆದುಕೊಂಡಿತ್ತು. ಯಂತ್ರಕ್ಕಾಗಿ ರಸ್ತೆಯಲ್ಲಿ ಎಣಿಸುವ ಕ್ಯಾಮೆರಾ ಯಾರನ್ನೂ ಬಿಡುವುದಿಲ್ಲ, ಎಲ್ಲರನ್ನೂ ನೋಡುತ್ತದೆ ಎಂದು ನಿರ್ದೇಶಕ ಎಂಜಿನಿಯರಿಗೆ ಭರವಸೆ ಕೊಟ್ಟ.

"ನೋಡುತ್ತೆ. ಬರ್ಕೊಳ್ಳೋಕೆ ಅದಕ್ಕೆ ಕಾಲಂ ಇಲ್ಲ," ಎಂದರು ಸಲಹೆಗಾರ್ತಿ. "ಆ ಕಾಲಂ ತೆಗೆದವಳು ನಾನೇ."

ಆಮೇಲೆ ಅವರು ಬಿಡಿಸಿ ಹೇಳಿದರು. ಕೆಲಸಕ್ಕೆ ಸೇರಿದ ಮರುವರ್ಷ ಕಚೇರಿಗೆ ಮೊದಲ ಕಂಪ್ಯೂಟರ್ ಬಂತು. ಜೊತೆಗೆ, ಅಂಚಿನಲ್ಲಿ ತೂತುಗಳಿದ್ದ ಕಾಗದವನ್ನು ಕಿರ್ರೆಂದು ಎಳೆದುಕೊಳ್ಳುವ ಪ್ರಿಂಟರ್. ಸಮೀಕ್ಷೆಯ ಪಟ್ಟಿ ಹಾಕಿದವರು ಇವರೇ: ಬಸ್ಸು, ಲಾರಿ, ಕಾರು, ಸ್ಕೂಟರ್, ಸೈಕಲ್, ಕೊನೆಯಲ್ಲಿ ನಡೆಯುವವರು. ಕೊನೆಯ ಕಾಲಂ ಕಾಗದದ ಅಗಲಕ್ಕೆ ಹಿಡಿಸಲಿಲ್ಲ. ಮರುದಿನವೇ ವರದಿ ಕೊಡಬೇಕಿತ್ತು. ಈ ಒಂದು ಸಲಕ್ಕೆ ಎಂದು ಅದನ್ನು ಕಿತ್ತುಹಾಕಿ, ನಡೆಯುವವರ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು, ಮಡಚಿ ಫೈಲಿನ ಹಿಂದೆ ಸಿಕ್ಕಿಸಿದರು. ಆ ಪ್ರಿಂಟರ್ ಹೋಯಿತು, ಫ್ಲಾಪಿ ಹೋಯಿತು, ಫ್ಯಾಕ್ಸ್ ಬಂದು ಹೋಯಿತು, ಫೈಲುಗಳೆಲ್ಲ ಕ್ಲೌಡಿಗೆ ಏರಿದವು. ಪ್ರತಿ ಸಲವೂ ಹಳೆಯ ಪಟ್ಟಿಯನ್ನೇ ಹೊಸದಕ್ಕೆ ಸುರಿದರು. ಇವರು ಪ್ರತಿ ರಸ್ತೆಯಲ್ಲೂ ತಾವೇ ನಿಂತು ಎಣಿಸಿ, ಬೇರೆ ಹಾಳೆ ಬರೆದು, ಮಡಚಿ ಸಿಕ್ಕಿಸುತ್ತಲೇ ಇದ್ದರು. ಹೀಗಾಗಿ ಕೊರತೆ ಇವರಿಗೂ ಕಾಣಲಿಲ್ಲ. ಈ ಸಲ ಎಣಿಸುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಲಾಗಿತ್ತು. ಮಡಚಿದ ಹಾಳೆಯ ವಿಷಯವನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಇದನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸೋಣ ಎಂದ ನಿರ್ದೇಶಕ. ಮತ್ತೆ ಅವರ ಕಡೆ ಬಾಗಿ ದನಿ ತಗ್ಗಿಸಿದ. "ಇದು ಹೊರಬಿದ್ರೆ ಕೆಡೋದು ನಿಮ್ಮ ಹೆಸರು ಮೇಡಂ. ನಿಮ್ಮ ಹಳೇ ವರದಿಗಳನ್ನೆಲ್ಲ ಕೆದಕ್ತಾರೆ."

"ಕೆದಕ್ಲಿ. ಕಾಗದದಲ್ಲಿ ಜಾಗ ಇಲ್ಲ ಅಂತ ನಾನು ಅವರನ್ನ ತೆಗೆದೆ. ಈಗ ರಸ್ತೇಲಿ ಜಾಗ ಇಲ್ಲ ಅಂತ ನೀನು ತೆಗೀತಿದ್ದೀಯ. ಎರಡಕ್ಕೂ ನನ್ನ ಬೆರಳೇ ಬೇಕಾ?"

ಹೊರಗಿನವರ ಮುಂದೆ ಅವರು ಅವನನ್ನು ನೀನು ಎಂದದ್ದು ಅದೇ ಮೊದಲು. ಎಂಜಿನಿಯರ್ ಮೊಬೈಲ್ ಕೆಳಗಿಟ್ಟರು.

ಸಲಹೆಗಾರ್ತಿ ಗಾಜಿನ ಮೇಲೆ ತಿರಸ್ಕರಿಸಿ ಎಂಬುದನ್ನು ಒತ್ತಿದರು. ಯಂತ್ರ ಕಾರಣ ಕೇಳಿ, ಆರಿಸಿಕೊಳ್ಳಲು ಮೂರನ್ನು ತಾನೇ ಮುಂದಿಟ್ಟಿತು: ಭಾಷಾದೋಷ, ಪುಟಸಂಖ್ಯೆಯ ದೋಷ, ನಕ್ಷೆ ಅಸ್ಪಷ್ಟ. ಜನ ಬಿಟ್ಟುಹೋಗಿದ್ದಾರೆ ಎಂಬುದು ಅದರಲ್ಲಿರಲಿಲ್ಲ. ಅವರು ಗಾಜನ್ನು ಅತ್ತ ಸರಿಸಿ, ಎಂಜಿನಿಯರಿಗೆಂದು ತೆಗೆದಿಟ್ಟಿದ್ದ ಮುದ್ರಿತ ಪ್ರತಿಯನ್ನು ಎಳೆದುಕೊಂಡರು. ಪಟ್ಟಿಯ ಪುಟ ತೆರೆದು, ಅದರ ಬಲ ಅಂಚಿಗೆ ಬಿಳಿ ಹಾಳೆಯ ಒಂದು ಉದ್ದ ತುಂಡನ್ನು ಗೋಂದು ಹಚ್ಚಿ ಅಂಟಿಸಿದರು. ಮೇಲೆ ‘ನಡೆಯುವವರು’ ಎಂದು ಪೆನ್ನಿನಲ್ಲಿ ಬರೆದರು. ಅದರ ಕೆಳಗೆ ಡಬ್ಬಿ ತೋರಿಸುತ್ತಿದ್ದ ಅಂಕಿ, ಅದರ ಕೆಳಗೆ ‘ಈ ಯೋಜನೆಗೆ ನನ್ನ ಒಪ್ಪಿಗೆ ಇಲ್ಲ’, ಕೊನೆಗೆ ಸಹಿ. ಗೋಂದು ಆರಲೆಂದು ಎರಡು ಸಲ ಊದಿದರು.

ಲ್ಯಾಪ್‌ಟಾಪಿನ ಕೆಳಗೆ ಇಣುಕುತ್ತಿದ್ದ ಪತ್ರವನ್ನು ನಿರ್ದೇಶಕ ಒಂದೇ ಬೆರಳಿನಿಂದ ಒಳಕ್ಕೆ ತಳ್ಳಿದ.

ಎಂಜಿನಿಯರ್ ಪ್ರತಿಯನ್ನು ಫೈಲಿನೊಳಗೆ ಇಟ್ಟುಕೊಂಡರು. ಫೈಲು ಮುಚ್ಚಲಿಲ್ಲ, ಅಂಟಿಸಿದ ತುಂಡು ನಾಲ್ಕು ಬೆರಳು ಹೊರಗೆ ಚಾಚಿತ್ತು. ಅವರು ಅದನ್ನು ಒಳಕ್ಕೆ ಮಡಚಲು ಹೋದರು.

"ಮಡಚಬೇಡಿ," ಎಂದರು ಸಲಹೆಗಾರ್ತಿ. "ಮೂವತ್ತು ವರ್ಷ ಮಡಚಿಟ್ಟಿದ್ದಾಯ್ತು."

ಎಂಜಿನಿಯರ್ ತುಂಡಿನಿಂದ ಕೈ ತೆಗೆದರು. ಮತ್ತೆ ಫೈಲನ್ನು ಹಾಗೆಯೇ ಕಂಕುಳಲ್ಲಿ ಇರುಕಿಕೊಂಡು ಹೊರಟರು. ಬಾಗಿಲಿನಲ್ಲಿ ಆ ತುಂಡು ಚೌಕಟ್ಟಿಗೆ ತಗುಲಿತು. ಅದಕ್ಕೆ ದಾರಿ ಬಿಡಲು ಅವರು ತಾವೇ ಓರೆಯಾಗಿ ತಿರುಗಿ ಹೊಸ್ತಿಲು ದಾಟಿದರು.